ಕೆಂಚಿಯ ಕಾಲಿಗೆ ಹಗ್ಗ

ತೊಂಬತ್ತರ ಆಗಸ್ಟಿನಲ್ಲಿ ಕುವೈತಿಗೆ ನುಗ್ಗಿದ ಇರಾಕಿ ಟ್ಯಾಂಕುಗಳ ಸದ್ದು ಕೇಳಿದ್ದೇ ತಡ, ವೀಸಾ ಕೊಟ್ಟು ಕೆಲಸಕ್ಕಿಟ್ಟುಕೊಂಡ ಕಫೀಲ್ ಸಾಹೇಬರು ಹೆಂಡತಿ, ಮಕ್ಕಳು, ಎರಡು ಕಾರು, ಒಂದು ಗಿಡುಗ ಸಮೇತ ಗಡಿ ದಾಟಿದರು. ಬಿಟ್ಟುಹೋದದ್ದು ಅಹ್ಮದಿಯ ಬಂಗಲೆ, ಅದನ್ನು ನೋಡಿಕೊಳ್ಳುವ ಯಶೋಧರ, ಅವನ ಹೆಂಡತಿ ಆಶಾಲತಾ, ಮತ್ತು ಸಾಹೇಬರ ಮಗಳ ಹುಟ್ಟುಹಬ್ಬಕ್ಕೆ ತರಿಸಿದ್ದ ಒಂದು ಒರಾಂಗುಟಾನ್ ಮರಿ. ಕೆಂಪು ಕೂದಲು ನೋಡಿ ಆಶಾಲತಾ ಅದನ್ನು ಕೆಂಚಿ ಎಂದಳು. ವಿಮಾನದಲ್ಲಿ ಊರಿಗೆ ಹೋಗುವವರ ಪಟ್ಟಿಗೆ ಕೆಂಚಿಯನ್ನು ಸೇರಿಸುವುದಿಲ್ಲ ಎಂದು ಅಧಿಕಾರಿಗಳು ಹೇಳಿದಾಗ ಗಂಡಹೆಂಡತಿಯೂ ತಮ್ಮ ಹೆಸರು ಹೊಡೆದುಹಾಕಿಸಿದರು.

ಯುದ್ಧ ಮುಗಿಯುವ ಹೊತ್ತಿಗೆ ಕೆಂಚಿ ಗಂಜಿಗೆ ಉಪ್ಪಿನಕಾಯಿ ಕೇಳುತ್ತಿದ್ದಳು. ವಾರಕ್ಕೊಮ್ಮೆ ಎಣ್ಣೆಸ್ನಾನ. ಕೆನ್ನೆಗೆ ದೃಷ್ಟಿಬೊಟ್ಟು ಇಡದಿದ್ದರೆ ಊಟಕ್ಕೇ ಬರುತ್ತಿರಲಿಲ್ಲ.

ಜೂನಿನಲ್ಲಿ ಬಂದವರು ಆಲಿವ್ ಡಾಕ್ಟ್ರು. ಮಂಗಳೂರಿನ ಬಿಜೈ ಕಡೆಯ ಪ್ರಾಣಿಗಳ ಡಾಕ್ಟ್ರು, ಯುದ್ಧದಲ್ಲಿ ಅನಾಥವಾದ ಪ್ರಾಣಿಗಳನ್ನು ಹುಡುಕುತ್ತಿದ್ದರು. "ತಾಯಿಯನ್ನು ಕೊಂದೇ ಇಂಥ ಮರಿಯನ್ನು ತರುವುದು, ಯಶೋಧರಣ್ಣ," ಎಂದರು. "ಬೋರ್ನಿಯೋದಲ್ಲಿ ಇವುಗಳಿಗೆ ಕಾಡು ಕಲಿಸುವ ಜಾಗ ಉಂಟು. ಸೆಪ್ಟೆಂಬರಿಗೆ ಬರ್ತೇನೆ. ತಾನಾಗಿ ಮರ ಹತ್ತಿ, ಕರೆದರೂ ಇಳಿಯದಿದ್ದರೆ ಇವಳು ಅಲ್ಲಿಗೆ, ಅಷ್ಟಕ್ಕೆ ನಿಮ್ಮ ಸಾಹೇಬರು ಒಪ್ಪಿದ್ದಾರೆ. ಇಲ್ಲದಿದ್ದರೆ ಅವರು ಬಿಡ್ಲಿಕ್ಕಿಲ್ಲ."

ಸಾಹೇಬರು ಹಿಂತಿರುಗಿ ಕೆಂಚಿಗೆಂದು ಗಾಜಿನ ಪಂಜರ ಕಟ್ಟಿಸಿಯಾಗಿತ್ತು. ಅದಕ್ಕೆ ಎ.ಸಿ. ಕೂಡ. ಮಿಠಾಯಿ ಅಂಗಡಿಯ ಶೋಕೇಸಿನ ಹಾಗೆ ಕಾಣುತ್ತಿತ್ತು.

ಯಶೋಧರನಿಗೆ ಮರ ಹತ್ತುವ ವಿದ್ಯೆಯನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಮೂರ್ತೆಯ ಮನೆತನ, ಅಜ್ಜ ದಿನಾ ತಾಳೆಮರ ಹತ್ತಿ ಕಳ್ಳು ಇಳಿಸಿದವರು. ಎರಡೂ ಪಾದಗಳಿಗೆ ಹಗ್ಗದ ಬಳೆ ಸಿಕ್ಕಿಸಿ, ಮರ ಮುಟ್ಟಿ ನಮಸ್ಕರಿಸಿ, ಕಪ್ಪೆಯ ಹಾಗೆ ಮೇಲಕ್ಕೆ. ಅಂಗಳದ ಖರ್ಜೂರದ ಮರದಲ್ಲಿ ಮೂರು ತಿಂಗಳು ಕೆಂಚಿಗೆ ಅದೇ ಪಾಠ. ಆಳೆತ್ತರ ತೋರಿಸಿಕೊಟ್ಟು ಅವನು ಇಳಿಯುತ್ತಿದ್ದ. ಹಗ್ಗ ತೊಟ್ಟು ಅವಳು ಹತ್ತುತ್ತಿದ್ದಳು. ಶಿಷ್ಯೆ ಚುರುಕು ಎಂದು ಅವನಿಗೆ ಹೆಮ್ಮೆಯೋ ಹೆಮ್ಮೆ.

ಸೆಪ್ಟೆಂಬರಿನಲ್ಲಿ ಆಲಿವ್ ಡಾಕ್ಟ್ರು ಬಂದರು. ತೈಲಬಾವಿಗಳು ಇನ್ನೂ ಉರಿಯುತ್ತಿದ್ದವು. ಖರ್ಜೂರಕ್ಕೂ ಮಸಿ, ಕೆಂಚಿಗೂ ಮಸಿ. ಕೆಂಚಿ ನೇರ ಒಳಗೆ ಹೋಗಿ ಹಗ್ಗ ತಂದಳು. ಯಶೋಧರನ ಮುಂದೆ ಕುಳಿತು ಎರಡೂ ಕಾಲು ಚಾಚಿದಳು. ಮರ ಮುಟ್ಟಿ ನಮಸ್ಕಾರ ಬೇರೆ ಮಾಡಿದಳು.

"ಎಂತ ಮಾರಾಯ್ರೆ ಇದು?"

"ಹಗ್ಗ ಇಲ್ಲದೆ ಹತ್ತುವುದು ಹೇಗೆ ಡಾಕ್ಟ್ರೆ? ಜಾರ್ತದೆ."

"ದೇವರು ಅವಳಿಗೆ ನಾಲ್ಕು ಕೈ ಕೊಟ್ಟಿದ್ದಾನೆ! ಅದರಲ್ಲಿ ಎರಡನ್ನು ನೀವು ಕಟ್ಟಿ ಹಾಕಿದಿರಾ? ಬೋರ್ನಿಯೋದಲ್ಲಿ ಹಗ್ಗ ಹಾಕ್ಲಿಕ್ಕೆ ಯಾರು, ನಿಮ್ಮ ಅಜ್ಜನಾ?"

"ನಾನು ಆಗಲೇ ಹೇಳಿದ್ದೆ," ಎಂದಳು ಆಶಾಲತಾ. ಅವಳು ಏನೂ ಹೇಳಿರಲಿಲ್ಲ.

ಯಶೋಧರ ಹಗ್ಗ ಕಸಿದುಕೊಂಡ. ಕೆಂಚಿ ಕಾಲು ಚಾಚಿಯೇ ಕುಳಿತಳು. ಅವಳನ್ನು ಮರಕ್ಕೆ ಅಂಟಿಸಿದ, ಜಾರಿ ಬಂದು ಅವನ ಸೊಂಟ ಏರಿದಳು. ಗಾಜಿನ ಪಂಜರ ಅಂಗಳದ ಆಚೆ ಫಳಫಳ ಹೊಳೆಯಿತು. ಅದನ್ನು ನೋಡಿ ಅವನಿಗೆ ಏನು ತೋಚಿತೋ, ಹಗ್ಗವನ್ನು ತನ್ನ ಕಾಲಿಗೇ ಸಿಕ್ಕಿಸಿ ಹತ್ತತೊಡಗಿದ. "ಬಾ ಮಗಾ! ಖರ್ಜೂರ ಉಂಟು ಮೇಲೆ!"

ಅಜ್ಜನಿಗೆ ಹೊಟ್ಟೆ ಇರಲಿಲ್ಲ. ಮೊಮ್ಮಗನಿಗೆ ಕುವೈತಿನ ಹತ್ತು ವರ್ಷದ ಬಿರಿಯಾನಿ ಇತ್ತು. ಅರ್ಧ ಮರದಲ್ಲಿ ಹಗ್ಗ ಪಟಾರನೆ ಹರಿಯಿತು. ಅವನು ಮರ ತಬ್ಬಿ, ಕಣ್ಣು ಮುಚ್ಚಿ, ಊರಿನ ದೈವಗಳನ್ನೆಲ್ಲ ಕರೆದ.

ಬಂದವಳು ಕೆಂಚಿ. ಕಿರುಚುತ್ತ ನಾಲ್ಕೂ ಕೈಗಳಲ್ಲಿ ಮರ ಹಿಡಿದು ಬಂದಳು, ಅವನ ಬೆನ್ನು, ಹೆಗಲು, ಬೋಳುತಲೆ ಒಂದೊಂದನ್ನೇ ಮೆಟ್ಟಿಲು ಮಾಡಿಕೊಂಡಳು. ಕೊನೆಯ ಮೆಟ್ಟಿಲಿನಿಂದ ಒಮ್ಮೆ ಬಗ್ಗಿ ಅವನ ಮುಖ ಮೂಸಿದಳು. ಆಮೇಲೆ ಖರ್ಜೂರದ ವಾಸನೆ ಬಡಿಯಿತು. ತುದಿಗೇರಿ ಗೊನೆಯಿಂದ ಹೊಟ್ಟೆ ತುಂಬ ತಿಂದು, ಗರಿಗಳನ್ನು ಬಗ್ಗಿಸಿ ಗೂಡಿನ ಹಾಗೆ ಅಡಿಗೆ ಹಾಕಿಕೊಂಡು ಕುಳಿತಳು. ಅದನ್ನು ಯಾರೂ ಕಲಿಸಿರಲಿಲ್ಲ.

"ಈಗ ಕರೆಯಿರಿ," ಎಂದರು ಆಲಿವ್.

ಮರ ತಬ್ಬಿದಲ್ಲಿಂದಲೇ ಯಶೋಧರ ಕತ್ತೆತ್ತಿದ. "ಕೆಂಚೀ, ಬಿಸ್ಕತ್ತು ಕೊಡ್ತೇನೆ, ಬಾ."

ಮೇಲಿಂದ ಒಂದು ಖರ್ಜೂರದ ಬೀಜ ಬಿತ್ತು, ಅವನ ತಲೆಗೇ.

"ಪಾಸ್!" ಎಂದರು ಡಾಕ್ಟ್ರು.

ಆಶಾಲತಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಒಂದು ದೃಷ್ಟಿಬೊಟ್ಟಾದರೂ ಇಟ್ಟು ಕಳಿಸಬಹುದಿತ್ತು."

"ಅದು ಆಮೇಲೆ," ಅರ್ಧ ಮರದಿಂದ ಯಶೋಧರ ಕೂಗಿದ. "ಏಣಿ ತಾ ಮಾರಾಯ್ತಿ, ನನ್ನ ಎರಡು ಕೈ ಸೋತು ಹೋಯ್ತು!"