ಪ್ಯಾಟಿ ದಿನದ ತುತ್ತು

ಬ್ಯಾಡಗಿಯಲ್ಲಿ ಪ್ಯಾಟಿ ದಿನ ಯಾವುದು ಅಂತ ಕ್ಯಾಲೆಂಡರ್ ನೋಡಿ ತಿಳಿದುಕೊಳ್ಳುವವನು ಬ್ಯಾಡಗಿಯವನೇ ಅಲ್ಲ. ಮೂಗೇ ಹೇಳುತ್ತದೆ. ಸೋಮವಾರ, ಗುರುವಾರ ಮಾರುಕಟ್ಟೆ; ಬೆಳಗಾಗುವುದೇ ತಡ, ಮೆಣಸಿನಕಾಯಿ ಚೀಲ ಹೇರಿದ ಲಾರಿ, ಟ್ರ್ಯಾಕ್ಟರು, ಚಕ್ಕಡಿ ಊರೊಳಗೆ ನುಗ್ಗುತ್ತಿದ್ದವು. ಗುಡಿಯಲ್ಲಿ ಪೂಜಾರಿ ಮಂತ್ರದ ನಡುವೆ ಸೀನುತ್ತಿದ್ದ, ಸಾಲಿಯಲ್ಲಿ ಮಾಸ್ತರು ಮಗ್ಗಿ ಹೇಳಿಸುತ್ತ ಕೆಮ್ಮುತ್ತಿದ್ದರು. ಪರಊರಿನವರು ಮೂಗಿಗೆ ಅರಿವೆ ಕಟ್ಟಿಕೊಂಡು ಓಡಾಡಿದರೆ ಊರವರಿಗೆ ನಗು. ಸುಶೀಲವ್ವನಿಗೆ ಮಾತ್ರ ಆ ಘಾಟು ಈಗಲೂ ಸುಖದ ವಾಸನೆ. ಯಾಕೆ ಅಂದರೆ ಅದಕ್ಕೊಂದು ಕಥೆ ಐತಿ.

ಆಗಿನ್ನೂ ಹಾವೇರಿ ಜಿಲ್ಲೆ ಆಗಿರಲಿಲ್ಲ, ಎಲ್ಲದಕ್ಕೂ ಧಾರವಾಡಕ್ಕೆ ಓಡಬೇಕಿತ್ತು. ಎಂಬತ್ತೇಳನೇ ಇಸವಿಯ ಸುಮಾರು. ಸುಶೀಲವ್ವ ಒಂದು ದಲಾಲಿ ಅಂಗಡಿಯಲ್ಲಿ ತುಂಬು ಬಿಡಿಸುವ ಕೂಲಿಗೆ ಹೋಗುತ್ತಿದ್ದಳು. ತುಂಬು ಅಂದರೆ ಮೆಣಸಿನಕಾಯಿಯ ತೊಟ್ಟು. ಕೆಂಪು ಗುಡ್ಡದಂಥ ರಾಶಿಯ ಸುತ್ತ ಹೆಂಗಸರು ಕೂತು ಒಂದೊಂದೇ ಕಾಯಿಯ ತುಂಬು ಕಿತ್ತು ಒಗೆಯಬೇಕು. ಸಂಜೆಯಾಗುವುದರೊಳಗೆ ಕೈ ಕೆಂಡ. ಮಜ್ಜಿಗೆಯಲ್ಲಿ ಅದ್ದಿದರೂ ಅಷ್ಟೇ, ಎಣ್ಣೆ ಹಚ್ಚಿದರೂ ಅಷ್ಟೇ. ಆ ಹೆಂಗಸರು ಕಣ್ಣೀರು ಬಂದರೆ ಕೈಯಿಂದ ಒರೆಸಿಕೊಳ್ಳುತ್ತಿರಲಿಲ್ಲ, ರಟ್ಟೆಗೆ ಮುಖ ಒತ್ತುತ್ತಿದ್ದರು. ಹಬ್ಬದ ದಿನವೂ ಅದೇ ರೂಢಿ.

ಗಂಡ ಮಾಲತೇಶಪ್ಪ ಅದೇ ಮಾರುಕಟ್ಟೆಯ ಯಾರ್ಡಿನಲ್ಲಿ ಹಮಾಲ. ಚೀಲ ಬೆನ್ನಿಗೆ ಹಾಕಿದರೆ ಲಾರಿಯವರು ನಿಂತು ನೋಡಬೇಕು, ಅಂಥ ಆಳು. ಮಾತು ಮೆತ್ತಗೆ, ಭಜನೆಗೆ ಕೂತರೆ ಧ್ವನಿ ಗಂಟೆ. ಆದರೇನು, ಚಲೋ ಎತ್ತಿಗೆ ಒಂದು ಸುಳಿ ಇದ್ದೇ ಇರುತ್ತದಲ್ಲ. ಕೆಲಸ ಬಿಟ್ಟ ಮೇಲೆ ಕಾಲು ನೇರ ಸಾರಾಯಿ ಅಂಗಡಿಗೆ ಹೋಗುತ್ತಿದ್ದವು. ಅಲ್ಲಿಂದ ಗೋಡೆ ಹಿಡಿದು ಮನೆಗೆ ಬಂದವನು ಬೇರೆಯವನು. ಉಣ್ಣುವ ಗಂಗಾಳ ಒದೆಯುತ್ತಿದ್ದ. ಒಮ್ಮೆ ಸುಶೀಲವ್ವನ ಕೈ ತಿರುವಿದ್ದಕ್ಕೆ ಆಕೆ ಒಂದು ತಿಂಗಳು ರೊಟ್ಟಿ ಬಡಿಯಲಾಗದೆ ನೆರೆಮನೆಯ ದುರಗವ್ವನಿಂದ ಮಾಡಿಸಿಕೊಂಡಿದ್ದಳು.

ಆ ವರ್ಷ ಮೇಲಿನಿಂದ ಒಂದು ಹುಕುಂ ಬಂತು. ಮಾಲು ಮಾರಿದ ರೈತ ಕುಡಿದು ದಾರಿಯಲ್ಲಿ ಬೀಳುವುದು, ಯಾರ್ಡಿನಲ್ಲಿ ಬಡಿದಾಟ ಆಗುವುದು ಬಹಳವಾಗಿದೆ, ಆದ್ದರಿಂದ ಪ್ಯಾಟಿ ದಿನ ಸಾರಾಯಿ ಅಂಗಡಿ ಬಂದ್. ಒಂದು ವರ್ಷ ಮಾಡಿ ನೋಡುವುದು, ಉಪಯೋಗವಾದರೆ ಮುಂದುವರಿಸುವುದು, ಇಲ್ಲದಿದ್ದರೆ ಕೈಬಿಡುವುದು. ಸರಕಾರದ ತಮಾಷೆ ನೋಡ್ರಿ. ಒಂದು ಕೈಯಿಂದ ತಾನೇ ಸಾರಾಯಿ ಹರಾಜು ಹಾಕುತ್ತದೆ, ಇನ್ನೊಂದು ಕೈಯಿಂದ ಕುಡಿಯಬೇಡಿರಿ ಅಂತ ಗೋಡೆಗೆ ಬರೆಸುತ್ತದೆ. ಕೂಸು ಚಿವುಟಿ ತೊಟ್ಟಿಲು ತೂಗುವುದು ಅಂದರೆ ಇದೇ. ಗುತ್ತೇದಾರ ನಷ್ಟವಾಯಿತು ಅಂತ ಬಾಯಿ ಬಡಿದುಕೊಂಡ. ಪಕ್ಕಾ ಕುಡುಕರು ರಾಣೆಬೆನ್ನೂರಿನ ಬಸ್ಸು ಹಿಡಿದರು. ಆದರೆ ಹಮಾಲರಿಗೆ ದೀಪ ಹಚ್ಚುವ ತನಕ ಕೆಲಸ. ಆಮೇಲೆ ಬೆನ್ನು ನೆಟ್ಟಗೆ ಮಾಡುವ ತ್ರಾಣವೇ ಇರದು, ಬಸ್ಸು ಹತ್ತುವುದೆಲ್ಲಿ?

ಮೊದಲನೇ ಪ್ಯಾಟಿ ದಿನ ಮಾಲತೇಶಪ್ಪ ಬಂದ್ ಆಗಿದ್ದ ಸಾರಾಯಿ ಅಂಗಡಿಯ ಬಾಗಿಲಿನ ಮುಂದೆ ಸ್ವಲ್ಪ ಹೊತ್ತು ನಿಂತ. ಆಮೇಲೆ ತಲೆ ಕೆರೆದುಕೊಂಡು ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಹೆಂಡತಿಯ ಜೊತೆಗೇ ಮನೆಗೆ ನಡೆದ. ಸುಶೀಲವ್ವ ಉರಿಯುವ ಕೈ ಮಜ್ಜಿಗೆಯಲ್ಲಿ ಇಟ್ಟುಕೊಂಡು ಉಣ್ಣಲಾರದೆ ಕೂತಿದ್ದಳು. ಅವನು ನೋಡಿದ. ರೊಟ್ಟಿ ಮುರಿದ, ಪಲ್ಯ ಸುತ್ತಿದ, ಆಕೆಯ ಬಾಯಿಯ ಹತ್ತಿರ ಹಿಡಿದ.

“ಅಯ್ಯ, ಬಿಡ್ರಿ, ಯಾರರ ನೋಡಿದ್ರ?” ಅಂದಳು.

“ನೋಡ್ಲಿ ಬಿಡು. ಕಳವು ಮಾಡಾಕತ್ತೇನಿ ಏನು? ಬಾಯಿ ತಗಿ.”

ಮದುವೆಯಾಗಿ ಅಷ್ಟು ವರ್ಷಕ್ಕೆ ಮೊದಲ ಸಲ ಗಂಡನ ಕೈತುತ್ತು. ಸುಶೀಲವ್ವನಿಗೆ ಅಳು ಬಂತು, ರಟ್ಟೆಗೆ ಮುಖ ಒತ್ತಿದಳು. ಅಂದಿನಿಂದ ಪ್ರತಿ ಪ್ಯಾಟಿ ದಿನ ಅದೇ ಪದ್ಧತಿಯಾಯಿತು. ಬೆಳಿಗ್ಗೆ ಎದ್ದು ಅವನು ಕೇಳುತ್ತಿದ್ದ, “ಇವತ್ತ ಯಾವ ವಾರಲೇ?” ಅವಳು “ಪ್ಯಾಟಿ ಐತ್ರಿ” ಅಂದರೆ, “ಹಂಗಾರ ಅಂಗಡಿ ಬಂದ್” ಅಂತ ದೊಡ್ಡದಾಗಿ ನಿಟ್ಟುಸಿರು ಬಿಟ್ಟು ಸುಮ್ಮನೆ ನಗುತ್ತಿದ್ದ. ಉಳಿದ ದಿನ ಹಳೆಯ ಹಾಡೇ. ಆದರೂ ಸುಶೀಲವ್ವ ವಾರದಲ್ಲಿ ಎರಡು ದಿನ ರಾಣಿಯಾಗಿದ್ದಳು.

ವರ್ಷ ತುಂಬುತ್ತ ಬಂದಾಗ ರಾಣೆಬೆನ್ನೂರಿನಿಂದ ಕೊಟ್ರಪ್ಪ ಮಾಸ್ತರು ಬಂದರು. ಕಾಲೇಜಿನಲ್ಲಿ ಪಾಠ ಹೇಳುವವರು. ಹುಕುಮಿನಿಂದ ಏನು ಉಪಯೋಗವಾಯಿತು ಅಂತ ಮನೆ ಮನೆ ಕೇಳಿ ವರದಿ ಕೊಡುವ ಕೆಲಸವನ್ನು ಸರಕಾರ ಅವರಿಗೆ ವಹಿಸಿತ್ತು. ಪಾಪ, ದೇವರಂಥ ಮನುಷ್ಯ. ಒಂದು ರವಿವಾರ ಓಣಿಯ ಮನೆ ಮನೆಯಲ್ಲಿ ಚಾ ಕುಡಿದು ಕುಡಿದು ಹೊಟ್ಟೆ ಹಿಡಿದುಕೊಂಡು ಸುಶೀಲವ್ವನ ಪಡಸಾಲೆಗೆ ಬಂದು ಕೂತರು. ಆಕೆ ಮತ್ತೆ ಚಾ ಇಟ್ಟಳು, ಒಗ್ಗರಣೆ ಅವಲಕ್ಕಿ ಕೊಟ್ಟಳು.

“ಅಂಗಡಿ ಬಂದ್ ಆದ ಮ್ಯಾಲೆ ನಿಮ್ಮ ಮನ್ಯಾಗ ಕುಡಿಯೋದು ಕಡಿಮಿ ಆಗೇತೇನ್ರಿ, ತಂಗಿ?”

“ಕಡಿಮಿ ಆಗಾಕ ಮೊದಲ ಕುಡಿತಿದ್ರ ತಾನ್ರಿ? ನಮ್ಮ ಮನ್ಯಾಗ ಯಾರೂ ಮುಟ್ಟಂಗಿಲ್ಲ, ಮಾಸ್ತರ್ರ.”

ಒಳಕೋಣೆಯಿಂದ ಗೊರಕೆ ಕೇಳಿಸಿತು. ರಾತ್ರಿ ಏರಿಸಿದ್ದು ಮಾಲತೇಶಪ್ಪನಿಗೆ ಮಧ್ಯಾಹ್ನವಾದರೂ ಇಳಿದಿರಲಿಲ್ಲ. ಮಾಸ್ತರು ಆ ಕಡೆ ನೋಡಿದರು.

“ನಮ್ಮ ಮನಿಯವ್ರಿಗೆ ಜ್ವರರಿ,” ಅಂದಳು ಸುಶೀಲವ್ವ, ಕಣ್ಣು ಮಿಟುಕಿಸದೆ.

ಮನೆಗೆ ಬಂದ ಪರರ ಮುಂದೆ ಗಂಡನ ಹುಳುಕು ಬಿಚ್ಚುವುದೇ? ಮಾನ ಇದ್ದ ಯಾವ ಹೆಂಗಸು ಮಾಡಿಯಾಳು? ಎಲ್ಲರ ಮನೆಯ ದೋಸೆಯೂ ತೂತು, ಆದರೆ ಅದನ್ನು ಬೀಗರಿಗೆ ಎತ್ತಿ ತೋರಿಸುತ್ತಾರೇನು? ಓಣಿಯ ಒಂದೊಂದು ಮನೆಯೂ ಇದನ್ನೇ ಹೇಳಿತ್ತು. ಕಿವಿ ಹರಿದುಕೊಂಡಿದ್ದ ದುರಗವ್ವನೂ “ಓಲೆ ಚೀಲಕ್ಕೆ ಸಿಕ್ಕೊಂಡು ಹರೀತ್ರಿ” ಅಂದಿದ್ದಳು.

ಮರುದಿನ ಸೋಮವಾರ. ರಾಶಿಯ ಸುತ್ತ ಕೂತು ಹೆಂಗಸರು ಇದನ್ನೇ ಹೇಳಿಕೊಂಡು ಬಿದ್ದು ಬಿದ್ದು ನಕ್ಕರು. “ಜ್ವರ ಇಳೀತೇನಬೇ ನಿಮ್ಮ ಮನಿಯವ್ರದು?” ಅಂತ ದುರಗವ್ವ ಚೇಷ್ಟೆ ಮಾಡಿದರೆ, “ನಿನ್ನ ಕಿವಿ ಹರದ ಚೀಲ ಯಾವುದು ತೋರ್ಸು, ಅದಕ್ಕ ನಾಕು ಬಿಡ್ತೇನಿ” ಅಂದಳು ಸುಶೀಲವ್ವ. ನಗುನಗುತ್ತಿದ್ದಾಗಲೇ ಕೊಟ್ರಪ್ಪ ಮಾಸ್ತರು ಬಂದರು. ಊರಿಗೆ ಹೋಗುವ ಮೊದಲು ಮನೆಗೆ ಒಂದಿಷ್ಟು ಡಬ್ಬಿ ಜಾತಿಯ ಮೆಣಸಿನಕಾಯಿ ಒಯ್ಯುವ ಆಸೆ ಅವರಿಗೆ. ಗುರುತಿನ ಮುಖ ಕಂಡು ಖುಷಿಯಾಯಿತು.

“ತಂಗ್ಯಾರ, ನಿಮ್ಮ ಓಣಿ ನೋಡಿ ಭಾಳ ಸಂತೋಷ ಆತು. ಒಂದ ಮನ್ಯಾಗೂ ಕುಡಿಯೋವ್ರಿಲ್ಲ! ಹಿಂಗಿದ್ದ ಮ್ಯಾಲೆ ಈ ಹುಕುಂ ಯಾಕ ಬೇಕು? ಬರೇ ಸರಕಾರಕ್ಕ ಲುಕ್ಸಾನು. ತಗದ್ರೂ ನಡೀತೇತಿ ಅಂತ ಬರದುಬಿಡ್ತೇನಿ.”

ಸುಶೀಲವ್ವನ ಕೈಯಲ್ಲಿದ್ದ ಕಾಯಿ ಹಾಗೇ ಉಳಿಯಿತು. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿ ಹಾಕಿಕೊಂಡಿದ್ದಳು. ಮಾನ ಉಳಿಸಿಕೊಳ್ಳಲು ಹೋಗಿ ಆ ಎರಡು ದಿನವನ್ನು, ಆ ಎರಡು ದಿನದ ಗಂಡನನ್ನು, ಚಾ ಅವಲಕ್ಕಿಯ ಜೊತೆ ತಾಟಿನಲ್ಲಿಟ್ಟು ಕೊಟ್ಟು ಕಳಿಸಿದ್ದಳು. ಹೆಂಗಸರ ನಗು ನಿಂತುಹೋಯಿತು. ಮಾಸ್ತರು ಹೊರಡಲು ತಿರುಗಿದರು.

“ಮಾಸ್ತರ್ರ, ನಿಂದರ್ರಿ,” ಅಂದಳು ಸುಶೀಲವ್ವ. “ಹಂಗ ಹೋಗಬ್ಯಾಡ್ರಿ. ನಿನ್ನೆ ಕೇಳಿದ್ದನ್ನ ಇಲ್ಲಿ ಕುಂತು ಇನ್ನೊಮ್ಮೆ ಕೇಳ್ರಿ.”

“ಇಲ್ಲಿ ಯಾಕವ್ವಾ?”

“ಇಲ್ಲಿ ರಾಶಿ ಐತ್ರಿ.”

ಮಾಸ್ತರೂ ಒಕ್ಕಲಿಗರ ಮನೆಯಲ್ಲಿ ಹುಟ್ಟಿದವರೇ. ರಾಶಿಯ ಮುಂದೆ ಕಾಲಲ್ಲಿ ಕೆರ ಇರಬಾರದು, ನಾಲಿಗೆಯಲ್ಲಿ ಸುಳ್ಳು ಇರಬಾರದು. ಇದ್ದರೆ ರಾಶಿ ಹುಲುಸಾಗುವುದಿಲ್ಲ. ಕಣದಲ್ಲಿ ಹಿರಿಯರು ಹಾಕಿದ ನೇಮ ಅದು. (ದಲಾಲರು ಈ ನೇಮಕ್ಕೆ ಹೊರತು, ಅವರ ಮಾತು ಬಿಡ್ರಿ.) ಮಾಸ್ತರು ಚಪ್ಪಲಿ ಕಳಚಿ ದೂರ ಇಟ್ಟು ಬಂದು, ಹೆಂಗಸರ ಸಾಲಿನಲ್ಲೇ ಗೋಣಿತಟ್ಟಿನ ಮೇಲೆ ಕೂತರು. ಎರಡು ಸಲ ಸೀನಿದರು. ನಿನ್ನೆಯ ಪ್ರಶ್ನೆಯನ್ನೇ ಕೇಳಿದರು.

ಎಲ್ಲರ ತಲೆಯೂ ಕೆಳಗೆ. ತುಂಬು ಮುರಿಯುವ ಚಟಚಟ ಸದ್ದು ಅಷ್ಟೇ. ಸುಶೀಲವ್ವ ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ, ಅವನ ಹಣೆಬರಹವೋ ಇವಳ ಹಣೆಬರಹವೋ, ಬೆನ್ನ ಮೇಲೆ ಚೀಲ ಹೊತ್ತುಕೊಂಡು ಮಾಲತೇಶಪ್ಪ ಅಲ್ಲಿಗೇ ಬಂದ. ಅವಳಿಗೆ ಕಂಡಿದ್ದು ಅವನ ಪಾದ ಮಾತ್ರ. ಆ ಪಾದ ಆಕೆಗೆ ಗೊತ್ತಿಲ್ಲದೆ ಇರುತ್ತದೆಯೇ? ಸುಮ್ಮನಿದ್ದರೆ ಮಾನ ಉಳಿಯುತ್ತದೆ, ಆಡಿದರೆ ಇವತ್ತೇ ಮನೆಯಲ್ಲಿ ಏನಾಗುತ್ತದೋ. ಆದರೂ ಆಡಿದಳು, ರಾಶಿಯ ಕಡೆ ಮುಖ ಮಾಡಿ.

“ಬರಕೋರಿ, ಮಾಸ್ತರ್ರ. ನಮ್ಮ ಮನಿಯವ್ರು ಕುಡಿತಾರ. ನಿನ್ನೆ ಒಳಗ ಮಲಗಿದ್ರಲ್ಲ, ಅದು ಜ್ವರ ಅಲ್ರಿ. ಐದ ದಿನ ನನಗ ಗಂಡ ಇಲ್ಲ, ಪ್ಯಾಟಿ ಇದ್ದ ಎರಡ ದಿನ ಅದಾರ. ಆ ಎರಡ ದಿನ ನೆನಸ್ಕೊಂಡು ಉಳಿದ ಐದ ದಿನ ಬಾಳೇ ಮಾಡ್ತೇನ್ರಿ. ಅದನ್ನೂ ಕಸಗೋಬ್ಯಾಡ್ರಿ.”

ದುರಗವ್ವ ಮೂಗು ಎಳೆದಳು. “ನಂದೂ ಬರಕೋರಿ. ಕಿವಿ ಹರದದ್ದು ಚೀಲಕ್ಕ ಅಲ್ಲ. ಕೈಯಿಂದ ಎಳದದ್ದು.”

ಆಮೇಲೆ ಕಟ್ಟೆ ಒಡೆದಂತೆ ಆಯಿತು. ಒಬ್ಬಳ ಮಾತು ಮುಗಿಯುವ ಮೊದಲು ಇನ್ನೊಬ್ಬಳು. ಯಾರೂ ಯಾರ ಮುಖವನ್ನೂ ನೋಡಲಿಲ್ಲ, ಎಲ್ಲರೂ ರಾಶಿಗೇ ಹೇಳಿದರು. ಕೈಗಳು ತುಂಬು ಬಿಡಿಸುತ್ತಲೇ ಇದ್ದವು. ಮಾಸ್ತರು ಬರೆಯುತ್ತ ಬರೆಯುತ್ತ ಕಣ್ಣು ಒರೆಸಿಕೊಂಡರು. ಘಾಟಿಗೆ ಅಂತ ಅವರು ಅಂದರು, ನಂಬುವವರು ನಂಬಿದರು.

ಅಷ್ಟು ಹೊತ್ತೂ ಮಾಲತೇಶಪ್ಪ ಚೀಲ ಇಳಿಸಿರಲಿಲ್ಲ. ಹೊತ್ತುಕೊಂಡೇ ನಿಂತಿದ್ದ. ಕಡೆಗೆ ಚೀಲ ದಪ್ಪನೆ ಇಳಿಸಿದ. ಹೆಂಗಸರೆಲ್ಲ ಬೆಚ್ಚಿಬಿದ್ದರು. ಅವನು ಕೆರ ಕಳಚಿ ಬಂದು ಮಾಸ್ತರ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಹೆಗಲ ಮೇಲಿನ ವಲ್ಲಿ ತೆಗೆದು ಕೈಯಲ್ಲಿ ಹಿಂಡಿದ.

“ನಂದೂ ಒಂದ ಮಾತು ಬರಕೋರಿ, ಸಾಹೇಬ್ರ. ಆಕಿ ಹೇಳಿದ್ದು ಖರೇ ಐತಿ. ಅಂಗಡಿ ತೆರದಿತ್ತಂದ್ರ ನಾ ಹೋಗ್ತೇನಿ, ಮುಚ್ಚಿತ್ತಂದ್ರ ಮನಿಗೆ ಹೋಗ್ತೇನಿ. ಅಷ್ಟ ನನ್ನ ತಾಕತ್ತು. ಅದರಕಿಂತ ಹೆಚ್ಚಿಂದು ನನ್ನ ಕಡೆ ಇಲ್ರಿ. ಮುಚ್ಚೇ ಇರ್ಲಿ.”

ಅವತ್ತು ಸಂಜೆ ಅವನು ಮುಂದೆ, ಅವಳು ಹಿಂದೆ ಮನೆಗೆ ನಡೆದರು. ಸುಶೀಲವ್ವ ಹೊಡೆತಕ್ಕೆ ಮೈ ಗಟ್ಟಿ ಮಾಡಿಕೊಂಡೇ ಒಳಗೆ ಕಾಲಿಟ್ಟಳು. ಅವನು ಕೈಕಾಲು ತೊಳೆದು ಬಂದು ಗಂಗಾಳ ಎಳೆದುಕೊಂಡ.

“ನಾಕ ಮಂದ್ಯಾಗ ನನ್ನ ಮಾನ ಕಳದಿ.”

“ಹೂಂ.”

“ಕೈ ಉರಿಯಾಕತ್ತಾವನು?”

“ಹೂಂ.”

ರೊಟ್ಟಿ ಮುರಿದ. “ಬಾಯಿ ತಗಿ,” ಅಂದ.

ಹುಕುಂ ಉಳಿಯಿತು. ಮಾಸ್ತರ ವರದಿಯಿಂದಲೋ, ತೆಗೆಯಲು ಯಾರಿಗೂ ನೆನಪಾಗದ್ದರಿಂದಲೋ, ಶಿವನೇ ಬಲ್ಲ. ನಾಲ್ಕಾರು ವರ್ಷ ಚೆಂದ ನಡೆಯಿತು. ಸುಶೀಲವ್ವ ಈಗಲೂ “ನಮ್ಮ ಚಲೋ ಕಾಲ” ಅಂದರೆ ಆ ವರ್ಷಗಳನ್ನೇ ಅನ್ನುವುದು. ಮಿರ್ಚಿ ಕಟ್ಟಿದ ಕಾಗದದ ಎಣ್ಣೆ ವಾಸನೆ, ಅವನ ಬೆನ್ನಿಗೆ ಹತ್ತಿದ ಕೆಂಪು ಪುಡಿ, ಉಂಡಾದ ಮೇಲೆ ಕಟ್ಟೆಯ ಮೇಲೆ ಕೂತು ಅವನು ಹಾಡುತ್ತಿದ್ದ ಭಜನೆ. ದುರಗವ್ವ ತನ್ನ ಅಂಗಳದಿಂದಲೇ ಕೂಗಿ ಇನ್ನೊಂದು ಹಾಡು ಹೇಳಿಸುತ್ತಿದ್ದಳು.

ಆಮೇಲೆ ಪ್ಲಾಸ್ಟಿಕ್ ಪ್ಯಾಕೀಟಿನ ಸಾರಾಯಿ ಬಂತು. ಪಾನಪಟ್ಟಿ ಅಂಗಡಿಯಲ್ಲಿ, ಕಿರಾಣಿ ಅಂಗಡಿಯ ಹಿಂದೆ, ಸಿಕ್ಕಸಿಕ್ಕವರ ಚೀಲದಲ್ಲಿ. ಅಂಗಡಿಗೆ ಕೀಲಿ ಹಾಕಬಹುದು, ಊರಿಗೆಲ್ಲ ಕೀಲಿ ಹಾಕಲಾದೀತೇ? ಹುಕುಂ ಗೋಡೆಯ ಮೇಲೆ ಉಳಿದು, ಸುಣ್ಣ ಬಳಿದಾಗ ಅದೂ ಹೋಯಿತು. ಆದರೆ ಒಂದು ಸೋಜಿಗ. ಮಾಲತೇಶಪ್ಪ ಪ್ಯಾಟಿ ದಿನ ಮಾತ್ರ ಮುಟ್ಟಲಿಲ್ಲ. ಯಾರಾದರೂ ಪ್ಯಾಕೀಟು ತೋರಿಸಿ ಕರೆದರೆ, “ಇವತ್ತ ಅಂಗಡಿ ಬಂದ್ ಪಾ” ಅನ್ನುತ್ತಿದ್ದ. ಜನ ನಕ್ಕರೆ ತಾನೂ ನಗುತ್ತಿದ್ದ. ಉಳಿದ ದಿನ ಕುಡಿದ, ಚೆನ್ನಾಗೇ ಕುಡಿದ.

ಕುಡಿದದ್ದು ಬಿಟ್ಟೀತೇ? ಹಾವೇರಿ ಜಿಲ್ಲೆಯಾದ ವರ್ಷ ಅವನ ಹೊಟ್ಟೆ ಉಬ್ಬಿತು, ಕಣ್ಣು ಹಳದಿಯಾದವು. ಹಾವೇರಿಯ ಡಾಕ್ಟರು ಸುಶೀಲವ್ವನನ್ನು ಹೊರಗೆ ಕರೆದು, “ಇನ್ನ ಒಂದ ಗುಟಕು ಒಳಗ ಹೋದ್ರ ಮನಷ್ಯಾ ಉಳಿಯಂಗಿಲ್ಲ, ತಾಯಿ” ಅಂದರು. ಬಸ್ಸಿನಲ್ಲಿ ಬರುವಾಗ ಆಕೆ ಮೋಟೆಬೆನ್ನೂರು ದಾಟುವ ತನಕ ಕಿಟಕಿಯ ಕಡೆಗೇ ಮುಖ ಮಾಡಿದ್ದಳು. ಆಣೆ ಪ್ರಮಾಣ ಮಾಡಿಸುವುದೇ? ಎಷ್ಟೋ ಮಾಡಿಸಿಯಾಗಿತ್ತು. ಅವನ ತಾಕತ್ತು ಎಷ್ಟು ಅಂತ ಅವನೇ ರಾಶಿಯ ಮುಂದೆ ಹೇಳಿದ್ದ.

ಮರುದಿನ ಬೆಳಿಗ್ಗೆ ಮಾಲತೇಶಪ್ಪ ಹಾಸಿಗೆಯಲ್ಲಿ ಎದ್ದು ಕೂತ. ಗೂಟಕ್ಕೆ ಹಾಕಿದ ಅಂಗಿಯ ಕಡೆ ನೋಡಿ ಕೇಳಿದ, “ಇವತ್ತ ಯಾವ ವಾರಲೇ?”

ಅವತ್ತು ಮಂಗಳವಾರ. ಬೀದಿಯಲ್ಲಿ ಲಾರಿ ಇರಲಿಲ್ಲ, ಯಾರೂ ಸೀನಿರಲಿಲ್ಲ, ಗಾಳಿ ಸ್ವಚ್ಛವಾಗಿತ್ತು.

“ಪ್ಯಾಟಿ ಐತ್ರಿ,” ಅಂದಳು ಸುಶೀಲವ್ವ. ಎದುರಿಗೆ ರಾಶಿ ಇರಲಿಲ್ಲವಲ್ಲ.

ಮಾಲತೇಶಪ್ಪ ಬಾಗಿಲ ಕಡೆ ತಿರುಗಿ ಒಮ್ಮೆ ಉಸಿರೆಳೆದುಕೊಂಡ. ಜನ್ಮವೆಲ್ಲ ಮೆಣಸಿನಕಾಯಿ ಹೊತ್ತ ಹಮಾಲನ ಮೂಗು ಅದು. ಹೆಂಡತಿಯ ಮುಖವನ್ನು ಬಹಳ ಹೊತ್ತು ನೋಡಿದ. ಅಂಗಿಯ ಕಡೆ ಚಾಚಿದ್ದ ಕೈ ಹಿಂದಕ್ಕೆ ಎಳೆದುಕೊಂಡ.

“ಹಂಗಾರ ಅಂಗಡಿ ಬಂದ್,” ಅಂದ.

ಬುಧವಾರವೂ ಪ್ಯಾಟಿ ಆಯಿತು, ಶುಕ್ರವಾರವೂ ಆಯಿತು, ಅಮಾವಾಸ್ಯೆಯ ದಿನವೂ ಆಯಿತು. ಆ ಮನೆಯಲ್ಲಿ ಬೇರೆ ವಾರವೇ ಇಲ್ಲದಂತಾಯಿತು. ಅವನು ದಿನಾ ಕೇಳಿದ, ಅವಳು ದಿನಾ ಹೇಳಿದಳು. ಅವನನ್ನು ನೋಡಿಕೊಳ್ಳಲು ಸುಶೀಲವ್ವ ಕೂಲಿ ಬಿಟ್ಟಿದ್ದಳು, ಬೆರಳು ಮೆತ್ತಗಾಗಿ ಬೆಳ್ಳಗಾಗಿದ್ದವು. ಒಂದು ದಿನ ಊಟಕ್ಕೆ ಕೂತಾಗ ಮಾಲತೇಶಪ್ಪ ಆ ಕೈಗಳನ್ನು ನೋಡಿದ. ರೊಟ್ಟಿ ಮುರಿದ, ಪಲ್ಯ ಸುತ್ತಿದ.

“ಪ್ಯಾಟಿಗೆ ಹೋಗಿ ಬಂದೀಯಲ್ಲ,” ಅಂದ. “ಕೈ ಉರಿಯಾಕತ್ತಾವನು?”

ಸುಶೀಲವ್ವ ಎರಡೂ ಕೈ ಸೆರಗಿನಲ್ಲಿ ಮುಚ್ಚಿಕೊಂಡಳು.

“ಹೂಂನ್ರಿ, ಭಾಳ ಉರಿಯಾಕತ್ತಾವು,” ಅಂದು ಬಾಯಿ ತೆರೆದಳು.