ಸಕ್ಕರೆ ಹಸುವಿನ ಆ ಮಗ್ಗುಲು

ಐರ್ಲೆಂಡಿನ ಅತ್ಲೋನ್ ಊರಿನ ಕನ್ನಡ ಬಳಗದಲ್ಲಿ ಅಧ್ಯಕ್ಷರ ಚುನಾವಣೆ ಎಂದೂ ನಡೆದದ್ದಿಲ್ಲ. ಸಂಕ್ರಾಂತಿಯ ಸಕ್ಕರೆ ಅಚ್ಚು ಎರೆಯುವ ಮರದ ಹಲಗೆ ಯಾರ ಮನೆಯಲ್ಲಿದೆಯೋ ಅವರೇ ಅಧ್ಯಕ್ಷರು. ಚಾಮರಾಜ ಮಾವ ಮೈಸೂರಿಗೆ ವಾಪಸು ಹೊರಟಾಗ ಅದನ್ನು ಅಕ್ಕನ ಮಗ ಗುರುದತ್ತನ ಕೈಗಿಟ್ಟು, "ಬಳಗ ಒಡೀದ ಹಾಗೆ ನೋಡ್ಕೋಪ್ಪ" ಎಂದರು. ಅಲ್ಲಿಗೆ ಪಟ್ಟಾಭಿಷೇಕ ಮುಗಿಯಿತು.

ಪಟ್ಟವೇನೋ ಬಂತು, ಆದರೆ ಅರ್ಧ. ಅದು ಎರಡು ಹಲಗೆಯ ಜೋಡಿ. ಒಂದರಲ್ಲಿ ಹಸುವಿನ ಈ ಮಗ್ಗುಲು, ಇನ್ನೊಂದರಲ್ಲಿ ಆ ಮಗ್ಗುಲು. ಎರಡನ್ನೂ ದಾರದಿಂದ ಬಿಗಿದು ಪಾಕ ಹೊಯ್ದರೆ ಬಿಳಿಯ ಸಕ್ಕರೆ ಹಸು ಎದ್ದು ನಿಲ್ಲುತ್ತದೆ. ಹೋದ ಹಬ್ಬದಲ್ಲಿ ಪಾತ್ರೆಗಳ ಜೊತೆ ಬೆರೆತು ಒಂದು ಹಲಗೆ ದೂರದ ಮೇನೂತ್ ಊರಿನ ನೀರಜಾಳ ಮನೆ ಸೇರಿತ್ತು. ಆಮೇಲೆ ಕೊರೋನಾ. ಈಗಂತೂ ಮನೆಯಿಂದ ಐದು ಕಿಲೋಮೀಟರ್ ದಾಟುವಂತಿಲ್ಲ. "ಪೋಸ್ಟಲ್ಲಿ ಕಳಿಸ್ತೀನಿ ಬಿಡಿ" ಎಂದಿದ್ದಳು ಅವಳು.

ಹಬ್ಬಕ್ಕೆ ಮುಂಚಿನ ಝೂಮ್ ಸಭೆಯಲ್ಲಿ ಮೇನೂತ್, ಗಾಲ್ವೇ ಊರುಗಳ ಸದಸ್ಯರ ಪರವಾಗಿ ಬಾಯಿಬಿಟ್ಟವಳೂ ಅವಳೇ. "ನಿಮ್ಮ ಮಾವ ನಮ್ಮನ್ನ ಅರೆದುಬಿಟ್ರು ಗುರುದತ್. ಕೊಬ್ಬರಿ ಕೈಯಲ್ಲೇ ಹೆಚ್ಚಬೇಕು, ಭಾನುವಾರ ಬಂದ್ರೆ ಹಾಡಿನ ಪ್ರಾಕ್ಟೀಸು. ಈಗ ಸ್ಕೂಲೂ ಮನೇಲಿ, ಆಫೀಸೂ ಮನೇಲಿ. ಸ್ವಲ್ಪ ಸಡಿಲ ಬಿಡಿ, ನೀವು ಹೇಳಿದ ಹಾಗೆ ಕೇಳ್ತೀವಿ."

"ಯೋಚನೆ ಮಾಡಿ ಹೇಳ್ತೀನಿ" ಎಂದ ಗುರುದತ್.

ಮಗನ ಮನೆ ನೋಡಲು ಬಂದು, ವಿಮಾನ ನಿಂತು ಅತ್ಲೋನಿನಲ್ಲೇ ಉಳಿದಿದ್ದ ಲೀಲಾವತಿಯಮ್ಮ ಫೋನು ಮಾಡಿದರು. "ಗುರು, ಒಂದು ಸಲ ಆಗಲಿ ಅಂದ್ಬಿಡೋ. ಆಮೇಲೆ ನಿನ್ನ ಮನೆ ಪಾತ್ರೇನೂ ಅವ್ರೇ ತೊಳೀತಾರೆ."

ಜೊತೆಯಲ್ಲಿ ಕೆಲಸ ಮಾಡುವ ರೋಹನ್ ಹೇಳಿದ್ದೇ ಬೇರೆ. "ಹೊಸದರಲ್ಲೇ ಸಡಿಲ ಬಿಟ್ರೆ ತಲೆ ಮೇಲೆ ಕೂರ್ತಾರೆ ಮಗಾ. ಮಾವಂಗಿಂತ ಒಂದು ಕೈ ಮೇಲು ಅಂತ ತೋರಿಸು."

ಆ ಸಂಜೆ ಮಗಳು ತನ್ವಿಗೆ ಸ್ಕೂಲಿನಿಂದ ಹೋಮ್‌ವರ್ಕ್ ಬಂದಿತ್ತು. ಬೈಬಲ್ಲಿನಲ್ಲಿ ಬರುವ ಇಸ್ರೇಲಿನ ಸೊಲೊಮೋನ ರಾಜನ ಮಗ ರೆಹಬ್ಬಾಮನ ಚಿತ್ರ ಬರೆಯಬೇಕು. ಗುರುದತ್ ಕಥೆ ಓದಿ, ಬಲು ಉತ್ಸಾಹದಿಂದ ಬಿಡಿಸಿ ಹೇಳಿದ.

"ನೋಡು ಪುಟ್ಟಾ, ನಿಮ್ಮಪ್ಪ ಹೇರಿದ ಭಾರ ಇಳಿಸಪ್ಪಾ ಅಂತ ಜನ ಬಂದು ಕೇಳಿದ್ರು. ಹಿರಿಯರೂ ಇಳಿಸು ಅಂದ್ರು. ಇವ್ನು ಗೆಳೆಯರ ಮಾತು ಕೇಳ್ಕೊಂಡು, ಇನ್ನೂ ಹೇರ್ತೀನಿ ಅಂದ. ಹತ್ತು ಕುಲದವರು ಎದ್ದು ಹೋಗಿ ಬೇರೆ ರಾಜನ್ನ ಮಾಡ್ಕೊಂಡ್ರು. ಆ ರಾಜ, ಜನ ಪೂಜೆಗೆ ಅಂತ ಹಳೇ ಊರಿಗೆ ಹೋಗ್ಬಾರ್ದು ಅಂತ ಚಿನ್ನದ ಕರು ಮಾಡಿಸಿಟ್ಟ."

"ವಾಟ್ ಆನ್ ಈಜಿಟ್, ದಟ್ ಫಸ್ಟ್ ಫೆಲ್ಲಾ!" ಎಂದಳು ತನ್ವಿ. ಪೆದ್ದನಿಗೆ ಐರ್ಲೆಂಡಿನಲ್ಲಿ ಈಜಿಟ್ ಎನ್ನುತ್ತಾರೆ.

"ಪೂರ್ತಿ ಈಜಿಟ್" ಎಂದು ನಗುತ್ತಾ ಗುರುದತ್ ರಾಜನ ಕಿರೀಟಕ್ಕೆ ತಾನೇ ಹಳದಿ ತುಂಬಿದ. ಪೆನ್ಸಿಲ್ ಕೆಳಗಿಟ್ಟವನೇ ಬಳಗದ ವಾಟ್ಸ್ಯಾಪಿಗೆ ಬರೆದ: ಕೊಬ್ಬರಿಯ ಜೊತೆ ಬೆಲ್ಲವನ್ನೂ ಕೈಯಲ್ಲೇ ಹೆಚ್ಚತಕ್ಕದ್ದು. ಪ್ರಾಕ್ಟೀಸು ಶನಿವಾರವೂ ಇರತಕ್ಕದ್ದು. ಯಾರೂ ಕ್ಯಾಮೆರಾ ಆಫ್ ಮಾಡತಕ್ಕದ್ದಲ್ಲ.

ನೀರಜಾ "ಗ್ರ್ಯಾಂಡ್", ಅಂದರೆ ಅಲ್ಲಿಯ ಮಾತಿನಲ್ಲಿ 'ಸರಿ', ಎಂದಷ್ಟೇ ಬರೆದು ಗುಂಪು ಬಿಟ್ಟಳು. ಹಿಂದೆಯೇ ಮೇನೂತ್ ಬಿಟ್ಟಿತು, ಗಾಲ್ವೇ ಬಿಟ್ಟಿತು. ಹಲಗೆಯ ಪೋಸ್ಟೂ ಬರಲಿಲ್ಲ.

ಹಬ್ಬದ ದಿನ ಮಾವ ಮೈಸೂರಿನಿಂದ ಝೂಮಿಗೆ ಬರುವವರಿದ್ದರು. ಬಳಗ ಒಡೆದದ್ದು ಅವರಿಗೆ ತಿಳಿಯಬಾರದು. ಗುರುದತ್ತನಿಗೆ ಅದೊಂದೇ ಚಿಂತೆ. ಇದ್ದ ಒಂದೇ ಹಲಗೆಗೆ ಪಾಕ ಹೊಯ್ದ. ಎದ್ದದ್ದು ಒಂದೇ ಮಗ್ಗುಲಿನ ಹಸು, ಹಿಂಬದಿ ಚಪ್ಪಟೆ. ಅದನ್ನು ಡಬ್ಬಿಗೆ ಒರಗಿಸಿ, ಚೆಂದದ ಮಗ್ಗುಲನ್ನು ಕ್ಯಾಮೆರಾಗೆ ತೋರಿಸಿ ಕೂತ.

"ಹಸು ಚೆನ್ನಾಗಿ ಬಂದಿದೆಯಲ್ಲೋ!" ಎಂದರು ಮಾವ. "ಎಲ್ಲಿ, ಮಿಕ್ಕವರು? ಲೀಲಾವತಿಯೊಬ್ರೇ ಕಾಣ್ತಿದಾರೆ."

"ಇಂಟರ್‌ನೆಟ್ ಪ್ರಾಬ್ಲಮ್ಮು ಮಾವ, ಬರ್ತಾರೆ."

ಅಷ್ಟರಲ್ಲಿ ತನ್ವಿ ಟ್ಯಾಬ್ಲೆಟ್ ಹಿಡಿದು ಓಡಿ ಬಂದು, ಅದನ್ನು ಹಸುವಿನ ಪಕ್ಕದಲ್ಲೇ ನಿಲ್ಲಿಸಿದಳು. ನೀರಜಾಳ ಮಗಳು ಐಶು ಅವಳಿಗೆ ಬೇರೊಂದು ಲಿಂಕ್ ಕಳಿಸಿದ್ದಳು. ಆ ಪರದೆಯ ತುಂಬ ಜನ. ನಡುವೆ ನೀರಜಾ; ಅವಳ ಮುಂದೂ ಒಂದು ಸಕ್ಕರೆ ಹಸು, ಇದಕ್ಕೆ ಎದುರುಬದುರಾಗಿ ಮೂತಿ ಮಾಡಿಕೊಂಡು. ಮೂಲೆಯಲ್ಲಿ ರೋಹನ್ ಎಳ್ಳುಬೆಲ್ಲ ಜಗಿಯುತ್ತಿದ್ದ.

"ಡ್ಯಾಡ್, ಲುಕ್! ಎಲ್ರೂ ಇಲ್ಲೇ ಇದಾರೆ."

ಗುರುದತ್ತನ ಮುಖ ಕೆಂಪಾಯಿತು. ನೀರಜಾಳ ಹಸುವಿಗೆ ತನ್ನ ಹಸು ಮೂತಿ ಕೊಟ್ಟು ನಿಂತಿರುವುದನ್ನು ಸಹಿಸಲಾರದೆ ಸರ್ರನೆ ಅದನ್ನು ಆ ಕಡೆಗೆ ತಿರುಗಿಸಿಟ್ಟ.

ಮಾವ ಕನ್ನಡಕ ಸರಿಮಾಡಿಕೊಂಡು ಪರದೆಗೆ ಹತ್ತಿರ ಬಂದರು.

"ಗುರು, ಈ ಕಡೆ ಏನೂ ಇಲ್ವಲ್ಲೋ!"