ದನಿ ಇರುವ ಕಲ್ಲು

ನಮ್ಮ ಮನೆಯಲ್ಲಿ ಕಾಲಿಟ್ಟಲ್ಲೆಲ್ಲ ಕಲ್ಲು. ಅಡುಗೆಮನೆಯ ಬಾಗಿಲಿಗೆ ಒತ್ತು ಕೊಡಲು ಒಂದು, ಕಿಟಕಿ ಬಡಿಯದಿರಲಿ ಎಂದು ಇನ್ನೊಂದು, ಒಲೆಯ ಮೇಲಿನ ಹಲಗೆಯಲ್ಲಿ ಸಾಲಾಗಿ ಒಂದಷ್ಟು, ಸ್ನಾನದ ಬಾಯ್ಲರಿನ ಪಕ್ಕ ಮತ್ತೊಂದಷ್ಟು. ಎಲ್ಲವೂ ನನ್ನ ಸೊಸೆ ತಂದು ಸುರಿದದ್ದು. ಬೇರೆಯವರ ಮನೆಗೆ ಸೊಸೆಯಂದಿರು ಏನೇನು ತರುತ್ತಾರೋ ನಾನು ಕಾಣೆ. ನಮ್ಮವಳು ಮಾತ್ರ ರಜೆ ಸಿಕ್ಕರೆ ಸಾಕು, ಊರಾಚೆಯ ಗುಡ್ಡಕ್ಕೆ ಹೋಗಿ ಚೀಲದಲ್ಲಿ ಕಲ್ಲು ಹೊತ್ತು ತರುತ್ತಿದ್ದಳು. ನನ್ನ ಕಾಲಿನ ಹೆಬ್ಬೆರಳಿಗೆ ಅವುಗಳಲ್ಲಿ ಒಂದೊಂದರ ಪರಿಚಯವೂ ಇದೆ.

"ಏನೇ ಇದು, ಮನೆಯೋ ಕಲ್ಲುಗಣಿಯೋ?" ಎಂದು ಕೂಗಾಡಿದರೆ, "ಇರ್ಲಿ ಬಿಡಿ ಅತ್ತೆ, ಅದರ ಪಾಡಿಗೆ ಅದು ಇರುತ್ತೆ" ಎನ್ನುವಳು.

ಕಲ್ಲಿನ ಮೇಲೆ ನನಗೇನೂ ದ್ವೇಷವಿಲ್ಲ. ನಮ್ಮ ಕಸುಬೇ ಕಲ್ಲಿನದು, ಕಾಯಿಸಿದ ಕಲ್ಲಿನಿಂದ ಬಿಯರ್ ಮಾಡುವುದು. ನನ್ನ ಅಮ್ಮ ಬಿಯರ್ ಮಾಡುತ್ತಿದ್ದದ್ದು ಮರದ ತೊಟ್ಟಿಯಲ್ಲಿ. ಅಷ್ಟು ದೊಡ್ಡ ತಾಮ್ರದ ಹಂಡೆ ಆ ಕಾಲದಲ್ಲಿ ನಮ್ಮಂಥವರ ಮನೆಯಲ್ಲಿ ಎಲ್ಲಿತ್ತು? ಮರವನ್ನು ಒಲೆಯ ಮೇಲೆ ಇಡುವ ಹಾಗಿಲ್ಲ. ಅದಕ್ಕೇ ಕಲ್ಲುಗಳನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಉದ್ದನೆಯ ಇಕ್ಕಳದಲ್ಲಿ ಎತ್ತಿ, ಮೊಳಕೆ ಬಾರ್ಲಿಯ ಸಿಹಿ ರಸದೊಳಗೆ ಇಳಿಸುವುದು. ರಸ ಭೋರೆಂದು ಕುದಿಯುತ್ತದೆ. ಅದರ ಸಿಹಿಯೆಲ್ಲ ಕಲ್ಲಿನ ಮೈಗೆ ಅಂಟಿ, ಸುಟ್ಟು, ಕಪ್ಪು ಮಿಠಾಯಿಯಾಗುತ್ತದೆ. ರಸ ಆರಿ ಯೀಸ್ಟ್ ಹಾಕಿದ ಮೇಲೆ ಅದೇ ಕಲ್ಲುಗಳನ್ನು ಮತ್ತೆ ತೊಟ್ಟಿಗೆ ಬಿಟ್ಟರೆ ಆ ಮಿಠಾಯಿ ನಿಧಾನವಾಗಿ ಕರಗುತ್ತಾ ಬಿಯರಿಗೆ ಸುಟ್ಟ ಸಕ್ಕರೆಯ, ಸ್ವಲ್ಪ ಹೊಗೆಯ ರುಚಿ ಕೊಡುತ್ತದೆ. ಕಾರ್ಖಾನೆಯ ಬಿಯರ್ ಆ ರುಚಿಯನ್ನು ಕನಸಿನಲ್ಲೂ ಕಂಡಿಲ್ಲ. ಇದನ್ನು ನಾನು ಜಂಬದಿಂದಲೇ ಹೇಳುತ್ತಿದ್ದೇನೆ.

ಆದರೆ ಎಲ್ಲ ಕಲ್ಲೂ ಇದಕ್ಕೆ ಆಗದು. ಒಳಗೆ ಬಿರುಕಿದ್ದರೆ, ನೀರಿನ ಪಸೆ ಇದ್ದರೆ, ಬೆಂಕಿಯಲ್ಲಿ ಪಟಾಕಿಯ ಹಾಗೆ ಸಿಡಿಯುತ್ತದೆ. ಅದಕ್ಕೆ ಕಲ್ಲನ್ನು ಮೊದಲು ಕೇಳಬೇಕು. ಇನ್ನೊಂದು ಕಲ್ಲಿನಿಂದ ತಟ್ಟಿದಾಗ ಟಿಣ್ ಎಂದರೆ ಅದಕ್ಕೆ ದನಿ ಇದೆ ಎನ್ನುತ್ತಿದ್ದಳು ಅಮ್ಮ. ದಬ್ ಎಂದರೆ ಅದು ಮೂಕ ಕಲ್ಲು, ಬೇಲಿಯಾಚೆ ಎಸೆಯುವುದೇ. ಎಷ್ಟು ಹಳೆಯ ಕಲ್ಲೇ ಆಗಲಿ, ನಿನ್ನೆ ತಟ್ಟಿ ನೋಡಿದ್ದೇ ಆಗಲಿ, ಇವತ್ತು ತಟ್ಟದೆ ಬೆಂಕಿಗೆ ಹಾಕಬಾರದು. ಇದು ಅಮ್ಮನ ನೇಮ. ಸೊಸೆಗೆ ನಾನು ಕಲಿಸಿದ ಮೊದಲ ಪಾಠವೂ ಇದೇ. ಅವಳು ಒಮ್ಮೆ ತಟ್ಟಲು ಮರೆತದ್ದಕ್ಕೆ ಒಂದು ವಾರ ಬೈದಿದ್ದೆ.

ಅಮ್ಮ ಹೋದ ಮೇಲೆ ನಾನು ಮನೆಮಟ್ಟಿಗೆ ಇದನ್ನು ಮಾಡಿಕೊಂಡಿದ್ದೆ. ಅದನ್ನು ಬ್ರೂವರಿ ಮಾಡಿದ್ದು ಮಗ ಮತ್ತು ಸೊಸೆ. ಮಗ ಪ್ಲಂಬರ್, ಪೈಪು ನಲ್ಲಿ ಎಲ್ಲ ಅವನೇ ಕೂಡಿಸಿದ. ಟೈರ್ ರಿಪೇರಿಯವರು ಬಿಟ್ಟುಹೋದ ಶೆಡ್ಡೊಂದು ಸಿಕ್ಕಿತು. ಸುಣ್ಣ ಬಳಿದು ಎಷ್ಟು ದಿನವಾದರೂ ಒಂದು ಮೂಲೆಯಲ್ಲಿ ರಬ್ಬರಿನ ವಾಸನೆ ಹೋಗಿರಲಿಲ್ಲ. ಸೊಸೆ ಹಾಲಿನ ಡೈರಿಯ ಲ್ಯಾಬಿನಲ್ಲಿ ಕೆಲಸ ಮಾಡಿ ಬಂದವಳು. ಪೈಪು ತೊಳೆ, ಡ್ರಮ್ಮು ತೊಳೆ, ತೊಳೆದದ್ದನ್ನು ಇನ್ನೊಮ್ಮೆ ತೊಳೆ. ನಾನು ಅವಳಿಗೆ ತೊಳೆಯೋ ರಾಣಿ ಎಂದು ಹೆಸರಿಟ್ಟಿದ್ದೆ. ಹಾಗಂತ ಸುಳ್ಳು ಹೇಳಲಾರೆ, ಅವಳು ಬಂದ ಮೇಲೆ ನಮ್ಮ ಒಂದು ಪೀಪಾಯಿಯೂ ಹುಳಿಯಲಿಲ್ಲ. ಅಮ್ಮನ ಕಾಲದಲ್ಲಿ ಆಗಾಗ ಹುಳಿಯುತ್ತಿತ್ತು. ಆಗ ಬಂದವರಿಗೆ "ಈ ಸಲ ಸ್ವಲ್ಪ ಖಡಕ್ಕಾಗಿದೆ" ಎಂದು ಹೇಳಿ ಕುಡಿಸುತ್ತಿದ್ದೆವು.

ಹೋದ ವರ್ಷ ಜಾರಿ ಬಿದ್ದು ನನ್ನ ಬಲಗೈ ಮಣಿಕಟ್ಟು ಮುರಿಯಿತು. ಕೂಡಿಕೊಂಡಿತು, ಆದರೆ ಇಕ್ಕಳ ಎತ್ತುವ ಶಕ್ತಿ ಮರಳಲಿಲ್ಲ. ಅಂದಿನಿಂದ ನಾನು ಕುರ್ಚಿಯಲ್ಲಿ ಕೂತು ಬಾಯಲ್ಲೇ ಬಿಯರ್ ಮಾಡುತ್ತೇನೆ. ಎತ್ತುವುದು, ಇಳಿಸುವುದು, ಬೆವರುವುದು ಎಲ್ಲ ಸೊಸೆಯ ಪಾಲು. ಕಲ್ಲುಗಳು ಮಾತ್ರ ನನ್ನವು, ಅಮ್ಮನ ಕಾಲದವು. ಅವುಗಳ ಬದಲಿಗೆ ಬೇರೆ ಕಲ್ಲನ್ನು ಬೆಂಕಿಗೆ ಹಾಕಲು ಬಿಡುತ್ತಿರಲಿಲ್ಲ.

ಹೀಗಿರುವಾಗ ಊರವರೆಲ್ಲ ಕೂತು ಕುಡಿಯುವ ದೊಡ್ಡ ಬಿಯರ್ ಹಾಲಿನಲ್ಲಿ ಒಂದು ನಲ್ಲಿ ತೆರವಾಯಿತು. ಆ ಹಾಲಿನಲ್ಲಿ ಒಂದೇ ಒಂದು ನಲ್ಲಿಯನ್ನು ನಮ್ಮಂಥ ಸಣ್ಣ ಬ್ರೂವರಿಯವರ ಬಿಯರಿಗೆ ಅಂತ ಬಿಟ್ಟಿರುತ್ತಾರೆ. ಅದರ ಯಜಮಾನರನ್ನು ಊರೆಲ್ಲ ಮೂಗಿನ ಸಾಹುಕಾರರು ಎನ್ನುತ್ತದೆ. ಯಾವುದನ್ನೂ ಮೂಸಿ ನೋಡದೆ ಬಾಯಿಗಿಡುವವರಲ್ಲ, ಮೂಗೂ ಅದಕ್ಕೆ ತಕ್ಕಂತೆಯೇ ಇದೆ. ನಮ್ಮ ಬಿಯರನ್ನು ಮೂಸಿದರು, ಕುಡಿದರು, ಹುಬ್ಬೇರಿಸಿದರು.

"ಚೆನ್ನಾಗಿದೆ. ಆದ್ರೆ ಸುಟ್ಟ ಸಕ್ಕರೆ ಕಲಸಿ ಕಲ್ಲಿನ ಬಿಯರು ಅಂತ ಮಾರೋರನ್ನ ನಾನು ನೋಡಿದೀನಿ. ಶನಿವಾರ ಬೆಳಿಗ್ಗೆ ಬರ್ತೀನಿ. ನನ್ನ ಕಣ್ಣೆದುರಿಗೆ ಮಾಡಿ ತೋರಿಸಿ. ಆಗದಿದ್ರೆ ಬೇರೆಯವರು ಕಾಯ್ತಿದಾರೆ."

ಅವರು ಹೋದ ಮೇಲೆ ಮಗ ತಲೆ ತಗ್ಗಿಸಿಕೊಂಡು ಒಂದು ಮಾತು ಹೇಳಿದ. "ಅಮ್ಮ, ಈ ನಲ್ಲಿ ಸಿಗದಿದ್ರೆ ಕಲ್ಲಿನ ಬಿಯರ್ ನಿಲ್ಲಿಸಿಬಿಡೋಣ. ಎಲ್ಲರೂ ಮಾಡೋ ಹಳದಿ ಬಿಯರನ್ನೇ ಮಾಡ್ಕೊಂಡಿರೋಣ. ಇಷ್ಟು ಮೈ ಮುರಿದು ಮಾಡಿ ಅಂಗಡಿ ಕಪಾಟಿನಲ್ಲಿ ಧೂಳು ಹಿಡಿಸೋದು ಯಾಕೆ?" ಅವನ ಮಾತು ತಪ್ಪಲ್ಲ. ಆದರೆ ಅಮ್ಮನ ಬಿಯರ್ ನನ್ನ ಕೈಯಲ್ಲೇ ಕೊನೆಯಾಗುವುದನ್ನು ನಾನು ಹೇಗೆ ಒಪ್ಪಲಿ?

ಶುಕ್ರವಾರ ಸಂಜೆ ಮಗ ಸೊಸೆ ಇಬ್ಬರೂ ಮೊಳಕೆ ಬಾರ್ಲಿ ತರಲು ಹೋಗಿದ್ದರು. ಶೆಡ್ಡಿನಲ್ಲಿ ನಾನೊಬ್ಬಳೇ. ಒಲೆಯ ಪಕ್ಕದಲ್ಲಿ ನನ್ನ ಕಲ್ಲುಗಳು ಮಸಿ ಹಿಡಿದು ಕೂತಿದ್ದವು. ಸಾಹುಕಾರರು ಬಂದು ಈ ಮಸಿ ನೋಡಿದರೆ ತೊಳೆಯೋ ರಾಣಿಯ ಮರ್ಯಾದೆ ಏನಾದೀತು ಎನಿಸಿತು. ಅಷ್ಟು ಅಚ್ಚುಕಟ್ಟಿನ ಹುಡುಗಿ, ನನ್ನ ಕಲ್ಲಿನಿಂದ ಅವಳಿಗೇಕೆ ಮಾತು ಬರಬೇಕು? ಅವಳ ತೊಳೆಯುವ ಔಷಧಿ ಕಲಸಿದ ನೀರಿನ ಟಬ್ಬಿಗೆ ಒಂದೊಂದನ್ನೇ ಎಡಗೈಯಲ್ಲಿ ಉರುಳಿಸಿದೆ. ಬೆಳಗಿನವರೆಗೂ ನೆನೆದವು. ಬೇಗ ಬಂದು ಬ್ರಷ್ಷಿನಿಂದ ಉಜ್ಜಿ, ಬಟ್ಟೆಯಲ್ಲಿ ಒರೆಸಿ ಇಟ್ಟೆ. ಮದುವಣಗಿತ್ತಿಯರ ಹಾಗೆ ಫಳಫಳ ಹೊಳೆಯುತ್ತಿದ್ದವು. ನೀರಿನ ಪಸೆ ಇದ್ದರೆ ಸಿಡಿಯುತ್ತದೆ ಎಂದು ಈಗಷ್ಟೇ ಹೇಳಿದವಳು ನಾನೇ. ಆದರೆ ಆಗ ನನ್ನ ತಲೆಯಲ್ಲಿ ಪಸೆ ಇರಲಿಲ್ಲ, ಬರೀ ಹೊಳಪಿತ್ತು.

ಬೆಳಿಗ್ಗೆ ಮಗ ಬೆಂಕಿ ಹಾಕಿದ. ತೊಟ್ಟಿಯಲ್ಲಿ ಸಿಹಿ ರಸ ಸಿದ್ಧವಾಗಿತ್ತು. ಸೊಸೆ ಕಲ್ಲುಗಳ ಎದುರು ಕುಕ್ಕರುಗಾಲಿನಲ್ಲಿ ಕೂತು, ಹೊಳಪು ನೋಡಿ ನಕ್ಕಳು. ಆಮೇಲೆ ಒಂದನ್ನು ತೆಗೆದುಕೊಂಡು ತಟ್ಟಿದಳು. ಇನ್ನೊಂದನ್ನು ತಟ್ಟಿದಳು. ಅವಳ ನಗು ಹೋಯಿತು.

"ಅತ್ತೆ, ಈ ಕಲ್ಲು ಬೇಡ."

"ಯಾಕೆ?"

"ದನಿ ಇಲ್ಲ. ಯಾವುದಕ್ಕೂ ಇಲ್ಲ. ನೀವು ತಟ್ಟಿ ನೋಡಿದ್ರಾ?"

ನಾನು ತಟ್ಟಿರಲಿಲ್ಲ. ನನ್ನ ಕಲ್ಲನ್ನು ನಾನೇನು ತಟ್ಟಿ ನೋಡುವುದು! ಮೂಗಿನ ತುದಿಯಲ್ಲಿ ಕೂತಿದ್ದ ಕೋಪ ಒಮ್ಮೆಲೇ ನಾಲಿಗೆಗೆ ಬಂತು. "ನೀನು ಹುಟ್ಟೋದಕ್ಕೆ ಮುಂಚಿನಿಂದ ಈ ಕಲ್ಲು ಬೆಂಕಿ ಕಂಡಿವೆ ಕಣೇ. ಗುರುವಿಗೇ ತಿರುಮಂತ್ರ ಹಾಕ್ತೀಯಾ?"

"ಇಲ್ಲ ಅತ್ತೆ. ಮಂತ್ರ ನಿಮ್ಮದೇ. ತಟ್ಟದೆ ಹಾಕಬಾರದು ಅಂತ ನೀವೇ ಹೇಳಿದ್ದು. ತಟ್ಟಿದೆ. ಇವನ್ನ ನಾನು ಹಾಕಲ್ಲ."

ಅವಳು ದನಿ ಏರಿಸಲಿಲ್ಲ. ಅದೇ ನನಗೆ ಇನ್ನಷ್ಟು ಉರಿಸಿತು. ಅಷ್ಟರಲ್ಲಿ ಬಾಗಿಲಲ್ಲಿ ಸಾಹುಕಾರರು. ಮೊದಲು ಮೂಗು, ಹಿಂದೆ ಅವರು. "ಏನಮ್ಮಾ, ಶುರು ಮಾಡೋಣವಾ?" ಎಂದರು. ಹೊರಗಿನವರ ಎದುರು ಸೊಸೆಯ ಮಾತು ಕೇಳಿ ಸುಮ್ಮನಾಗುವ ಅತ್ತೆ ನಾನಲ್ಲ. ಎದ್ದು, ಒಂದು ಕಲ್ಲನ್ನು ಎಡಗೈಯಲ್ಲಿ ಅವುಚಿಕೊಂಡು ಹೋಗಿ ಬೆಂಕಿಯ ಅಂಚಿಗೆ ಉರುಳಿಸಿದೆ. "ಇದು ನಮ್ಮಮ್ಮನ ಕಲ್ಲು, ಸಾಹುಕಾರ್ರೇ. ನೋಡ್ತಾ ಇರಿ."

ಸೊಸೆ ನನ್ನ ತೋಳು ಹಿಡಿದು ಗೋಡೆಯ ತನಕ ಹಿಂದಕ್ಕೆ ಎಳೆದು ಕುರ್ಚಿಯಲ್ಲಿ ಕೂರಿಸಿದಳು. "ಎಲ್ಲರೂ ಈ ಕಡೆ ಬನ್ನಿ" ಎಂದಳು. ಕಲ್ಲು ಬೆಂಕಿಯಲ್ಲಿ ಸುಮ್ಮನೆ ಕೂತಿತ್ತು. ಸ್ವಲ್ಪ ಹೊತ್ತಿಗೆ ಅದರ ಮೈಯಿಂದ ಸಣ್ಣಗೆ ಹಬೆ ಏಳತೊಡಗಿತು. ನೋಡಿದಿರಾ ಎಂದು ನಾನು ಬಾಯಿ ತೆರೆದೆ.

ಢಂ!

ಕೆಂಡ ಹಾರಿತು. ಚೂರುಗಳು ತಗಡಿಗೆ ಬಡಿದವು. ಒಂದು ಚೂರು ಸಾಹುಕಾರರ ಮೂಗಿನ ಪಕ್ಕದಲ್ಲೇ ಹಾದು ಹೋಗಿ ಗೋಡೆಯ ಸುಣ್ಣ ಕಿತ್ತಿತು. ಊರಿನ ಆಸ್ತಿ ಸ್ವಲ್ಪದರಲ್ಲಿ ಉಳಿಯಿತು. ಯಾರಿಗೂ ಏನೂ ಆಗಲಿಲ್ಲ. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅಮ್ಮನ ಕಲ್ಲು, ಅಮ್ಮನ ನೇಮ, ಎರಡನ್ನೂ ನಾನೇ ಒಡೆದಿದ್ದೆ. ಸಾಹುಕಾರರು ಟೋಪಿ ಸರಿಮಾಡಿಕೊಂಡು ಬಾಗಿಲ ಕಡೆ ನೋಡಿದರು.

ಆಗ ಸೊಸೆ ಒಂದು ಗ್ಲಾಸ್ ನೀರು ತಂದು ಅವರ ಕೈಗಿತ್ತಳು. "ಅತ್ತೆ ಒಡೆದ ಪಾತ್ರೆಗೆ ಬೆಲೆ ಇಲ್ಲ ಅಂತಾರಲ್ಲ ಸಾಹುಕಾರ್ರೇ, ಕಲ್ಲಿಗೂ ಇಲ್ಲ ಬಿಡಿ. ನಿಜವಾದ ಕಲ್ಲು ಅಂತ ಈಗ ನಿಮಗೆ ನಂಬಿಕೆ ಬಂತಲ್ಲ? ಸಕ್ಕರೆ ಆಗಿದ್ರೆ ಸಿಡೀತಿರಲಿಲ್ಲ. ಸ್ವಲ್ಪ ಕೂತ್ಕೊಳ್ಳಿ." ಸಾಹುಕಾರರಿಗೆ ನಗು ತಡೆಯಲಾಗಲಿಲ್ಲ. ಕೂತರು. ಅವಳು ಗಂಡನ ಕಡೆ ತಿರುಗಿ, "ರೀ, ತಳ್ಳುಗಾಡಿ ತಗೊಂಡು ಮನೆಗೆ ಹೋಗಿ. ಬಾಗಿಲು, ಕಿಟಕಿ, ಒಲೆ ಮೇಲಿನ ಹಲಗೆ, ಬಾಯ್ಲರ್ ಪಕ್ಕ. ಒಂದನ್ನೂ ಬಿಡಬೇಡಿ" ಎಂದಳು.

ಮಗ ಓಡಿದ. ಬೈದೂ ಬೈದೂ ನನಗೆ ಸಾಕಾಗಿದ್ದ ಕಲ್ಲುಗಳು ಗಾಡಿಯಲ್ಲಿ ಗಡಗಡ ಎನ್ನುತ್ತಾ ಬಂದವು. ಮನೆಯ ಬೆಚ್ಚಗಿನ ಮೂಲೆಗಳಲ್ಲಿ ಕೂತು ಒಳಗಿನ ತನಕ ಒಣಗಿದ್ದವು. ಅವಳು ಅವುಗಳನ್ನು ಬೆಂಕಿಯ ಹತ್ತಿರ ಒಯ್ಯಲಿಲ್ಲ, ನೇರ ನನ್ನ ಹತ್ತಿರ ತಂದಳು. ನನ್ನ ಕಿವಿಯ ಪಕ್ಕ ಹಿಡಿದು ತಟ್ಟಿದಳು.

"ಕೇಳಿ ಅತ್ತೆ."

ಟಿಣ್.

ಅಡುಗೆಮನೆಯ ಬಾಗಿಲಿನದು. ಟಿಣ್. ಕಿಟಕಿಯದು. ಟಿಣ್. ಒಂದಾದ ಮೇಲೊಂದು ತಂದು ತಟ್ಟಿದಳು, ಒಂದೂ ಮೂಕವಾಗಿರಲಿಲ್ಲ. ನನ್ನ ಹೆಬ್ಬೆರಳಿನ ಉಗುರು ಕಿತ್ತಿದ್ದ ಆ ದರಿದ್ರ ಕಲ್ಲಿಗಂತೂ ಎಲ್ಲಕ್ಕಿಂತ ಒಳ್ಳೆಯ ದನಿ. ಹಿತ್ತಲ ಗಿಡ ಮದ್ದಲ್ಲ ಎನ್ನುವ ಗಾದೆ ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು.

"ಇಷ್ಟು ದಿನ ಯಾಕೆ ಹೇಳಲಿಲ್ವೇ?"

"ನಿಮ್ಮ ಕಲ್ಲು ಇರುವಾಗ ನನ್ನದು ಅಂತ ಹೇಗೆ ತರ್ಲಿ ಅತ್ತೆ? ಇವು ಒಣಗ್ತಾ ಇರ್ಲಿ, ಒಂದಿನ ನಿಮಗೇ ಕೇಳಿಸೋಣ ಅಂದ್ಕೊಂಡಿದ್ದೆ. ಈಗ ಹೇಳಿ, ಹಾಕ್ಲಾ?"

"ಹಾಕು" ಎಂದೆ.

ಆ ಬೆಳಿಗ್ಗೆ ನನ್ನ ಸೊಸೆ ಕೆಲಸ ಮಾಡಿದ್ದನ್ನು ನೀವು ನೋಡಬೇಕಿತ್ತು. ಕಲ್ಲು ಕೆಂಪಾದ ಕೂಡಲೇ ಇಕ್ಕಳದಲ್ಲಿ ಎತ್ತಿ, ಬೂದಿ ಕೊಡವಿ, ಒಂದು ಹನಿ ಚೆಲ್ಲದ ಹಾಗೆ ರಸದೊಳಗೆ ಇಳಿಸುವಳು. ಚುಂಯ್ ಎಂದು ಹಬೆ ಎದ್ದು ಮಾಡು ಮುಟ್ಟಿತು. ಕುದಿ ಉಕ್ಕಿ ತೊಟ್ಟಿಯ ಅಂಚಿಗೆ ಬಂದು ಅಲ್ಲೇ ನಿಂತಿತು. ಶೆಡ್ಡಿನ ರಬ್ಬರ್ ವಾಸನೆಯೆಲ್ಲ ಎಲ್ಲಿಗೋ ಹೋಗಿ ಸುಟ್ಟ ಸಕ್ಕರೆಯ ಘಮ ತುಂಬಿತು. ನಾನು ಬಾಯಲ್ಲಿ ಬಿಯರ್ ಮಾಡಲು ಎರಡು ಮೂರು ಸಲ ನೋಡಿದೆ. ಇನ್ನು ಸಾಕು ಎನ್ನುವಷ್ಟರಲ್ಲಿ ಅವಳೇ ನಿಲ್ಲಿಸುತ್ತಿದ್ದಳು. ಸಾಹುಕಾರರು ಕಣ್ಣು ಮುಚ್ಚಿ ಮೂಗನ್ನು ಹಬೆಗೆ ಒಡ್ಡಿ ನಿಂತುಬಿಟ್ಟಿದ್ದರು. ಕೊನೆಗೆ, "ಇದು ಹದಕ್ಕೆ ಬರ್ಲಿ. ಮೊದಲ ಪೀಪಾಯಿ ನನ್ನ ಹಾಲಿಗೇ ತನ್ನಿ" ಎಂದರು.

ಬಿಯರ್ ಹದಕ್ಕೆ ಬಂದಾಗ ನಾವು ಮೂವರೂ ಒಳ್ಳೆಯ ಬಟ್ಟೆ ಹಾಕಿಕೊಂಡು ಹಾಲಿಗೆ ಹೋದೆವು. ಜನ ಗಿಜಿಗುಡುತ್ತಿದ್ದರು. ಸಾಹುಕಾರರು ನಲ್ಲಿ ತಿರುಗಿಸಿ, ಗ್ಲಾಸು ಎತ್ತಿ, ಮೂಸಿ, ಕುಡಿದು, ನನ್ನ ಭುಜದ ಮೇಲೆ ಕೈಯಿಟ್ಟು ಎಲ್ಲರಿಗೂ ಕೇಳುವಂತೆ, "ಇದು ಈ ಅಮ್ಮನ ಬಿಯರ್" ಎಂದರು. ಚಪ್ಪಾಳೆ ಬಿತ್ತು. ಸುಮ್ಮನೆ ನಕ್ಕು ಕೈ ಮುಗಿದಿದ್ದರೂ ಆಗುತ್ತಿತ್ತು. ಆಗಲಿಲ್ಲ ನನ್ನಿಂದ.

"ಅಲ್ಲ" ಎಂದೆ. "ನಮ್ಮಮ್ಮ ಮಾಡ್ತಿದ್ದಳು, ಆಮೇಲೆ ನಾನು ಮಾಡ್ತಿದ್ದೆ. ಇದನ್ನ ಮಾಡಿದ್ದು ನನ್ನ ಸೊಸೆ. ಕಲ್ಲೂ ಅವಳದೇ. ನಮ್ಮಿಬ್ಬರಿಗಿಂತ ಚೆನ್ನಾಗಿ ಮಾಡಿದಾಳೆ."

ಸೊಸೆಯ ಕಣ್ಣು ತುಂಬಿತ್ತು. ಆದರೂ ನನ್ನ ಕಿವಿಯ ಹತ್ತಿರ ಬಗ್ಗಿ, "ಕೊನೇದು ಸರಿಯಾಗಿ ಕೇಳಿಸ್ಲಿಲ್ಲ ಅತ್ತೆ, ಇನ್ನೊಂದ್ಸಲ ಹೇಳಿ" ಎಂದಳು ಮಳ್ಳಿ.

ಈಗ ಮನೆಯ ಕಲ್ಲೆಲ್ಲ ಶೆಡ್ಡಿಗೆ ಹೋಗಿ ಬಾಗಿಲುಗಳು ದಿನವಿಡೀ ದಡಬಡ ಬಡಿದುಕೊಳ್ಳುತ್ತವೆ. ಮೊನ್ನೆ ಅವಳ ಜೊತೆ ನಾನೂ ಗುಡ್ಡಕ್ಕೆ ಹೋದೆ. ಹುಡುಕಿ ಹುಡುಕಿ ಒಂದು ಕಲ್ಲನ್ನು ಆರಿಸಿದೆ. ಕಪ್ಪಗೆ, ದುಂಡಗೆ, ನೋಡಲು ಮುದ್ದಾಗಿತ್ತು. ತಟ್ಟಿ ಕೇಳಿದೆ, ಒಪ್ಪಿಗೆಯಾಯಿತು. ಮನೆಗೆ ತಂದು ಹೆಮ್ಮೆಯಿಂದ ಅವಳ ಕೈಯಲ್ಲಿಟ್ಟೆ.

ಅವಳು ಒಮ್ಮೆ ತಟ್ಟಿದಳು. ತಲೆ ಓರೆ ಮಾಡಿ ಇನ್ನೊಮ್ಮೆ ತಟ್ಟಿದಳು.

"ಮೂಕ ಇದು, ಅತ್ತೆ" ಎಂದವಳೇ, ನನ್ನ ಮುಖವನ್ನೂ ನೋಡದೆ, ಬೇಲಿಯಾಚೆ ಎಸೆದಳು.

ನನಗೆ ಕೋಪ ಬರಲಿಲ್ಲ. ನಾನು ಆರಿಸಿ ತಂದ ಮೊದಲ ಕಲ್ಲನ್ನು ಅಮ್ಮನೂ ಹೀಗೆಯೇ, ನನ್ನ ಮುಖ ನೋಡದೆ ಎಸೆದಿದ್ದಳು. ಇನ್ನು ಚಿಂತೆಯಿಲ್ಲ ಎಂದುಕೊಂಡು, ಬಡಿಯುತ್ತಿದ್ದ ಬಾಗಿಲಿಗೆ ಕುರ್ಚಿ ಒತ್ತಿಟ್ಟು ಕೂತೆ.